ಶ್ಯಾವಿಗೆ ಮಣೆಯ ಎರಡು ತುದಿ

ಕುಲಗೋಡದಲ್ಲಿ ಬಾಳವ್ವನಿಗೆ ಹಿಡಿಸುವವರು ಯಾರೂ ಇಲ್ಲ. ಎದುರುಮನೆಯವರು ಸೋಮಾರಿಗಳು, ಬಸ್ಸಿನವರು ಸೊಕ್ಕಿನವರು, ಸೊಸೆಯ ರೊಟ್ಟಿ ಕಲ್ಲು. ಎಲ್ಲರಿಗಿಂತ ಹೆಚ್ಚು ಬೈಸಿಕೊಳ್ಳುವವಳು ಉದ್ದವ್ವ. ಅವಳು ಮನೆಗೆ ಬುದ್ಧನ ಫೋಟೋ ತಂದು, ಹಳೆಯ ದೇವರುಗಳನ್ನೆಲ್ಲ ಹೊಳೆಗೆ ಬಿಟ್ಟವಳು. ಚುನಾವಣೆ ಬಂದರೆ ಬಾಳವ್ವನಿಗೆ ಆಗದ ಪಕ್ಷದ ಬಾವುಟ ಹಿಡಿಯುವವಳು.

ಆದರೂ ಬೇಸಿಗೆಯಲ್ಲಿ ಇಬ್ಬರೂ ಕೂಡಿಯೇ ಶ್ಯಾವಿಗೆ ಮಾಡಿ ಮಾರುತ್ತಾರೆ. ಬಾಳವ್ವ ಓರೆಯಾಗಿಟ್ಟ ಮಣೆಯ ಮೇಲೆ ಕುಳಿತು ಗೋದಿ ಹಿಟ್ಟನ್ನು ಹೊಸೆಯುತ್ತಾಳೆ. ಕೆಳತುದಿಯಲ್ಲಿ ಉದ್ದವ್ವ ಎಳೆಗಳನ್ನು ಹಿಡಿದು ಕೋಲಿಗೆ ಹಾಕುತ್ತಾಳೆ. ಒಬ್ಬಳಿಂದ ಆಗುವ ಕೆಲಸವಲ್ಲ.

"ಕೊಳ್ಳಾಗಿನ ಲಿಂಗಾ ಒಳಗ ಹಾಕ್ಕೋ ಬೇ, ಹಿಟ್ಟಿನ ಜೋಡಿ ಅದನ್ನೂ ಹೊಸದೀಯ."

"ದೇವರನ್ನ ಹೊಳಿಗೆ ಬಿಟ್ಟಾಕಿಗೆ ನಮ್ಮ ದೇವರ ಚಿಂತಿ ಯಾಕ?"

"ದೇವರ ಚಿಂತಿ ಯಾರಿಗೈತಿ? ಶ್ಯಾವಗಿ ಚಿಂತಿ."

ಈ ಸಲ ಬಸವ ಜಯಂತಿಯ ಬೆಳಿಗ್ಗೆ ನಮ್ಮ ಓಣಿಯ ಪುಢಾರಿ ಗುರುಪಾದ ಮೈಕು ಹಿಡಿದು, ಮನುಷ್ಯರೆಲ್ಲ ಒಂದೇ ಎಂದು ಬೆವರು ಸುರಿಯುವಷ್ಟು ಭಾಷಣ ಮಾಡಿದ. ಸಂಜೆಗೆ ಬೆವರು ಆರಿತ್ತು. ಬಾಳವ್ವನದು ಅಂಗಳವಿಲ್ಲದ ತಗಡಿನ ಮನೆ; ಶ್ಯಾವಿಗೆ ಒಣಗುವುದು ಇವನ ಮಾಳಿಗೆಯ ಮೇಲೆ. ಆ ಧೈರ್ಯದಿಂದಲೇ ಬಂದು ಬಾಗಿಲಲ್ಲಿ ನಿಂತ.

"ಬಾಳಕ್ಕಾ, ಉದ್ದವ್ವನ್ನ ಬಿಡು. ಇಲೆಕ್ಷನ್‌ದಾಗ ನಮ್ಮ ವಿರುದ್ಧ ಅಡ್ಡಾಡಿದಾಕಿ. ಮ್ಯಾಲ ಆಕಿ ಮುಟ್ಟಿದ್ದು ನಮ್ಮ ಮಂದಿ ತಿನ್ನೂದಿಲ್ಲ."

"ನಿನ್ನ ಮಗನ ಮದುವ್ಯಾಗ ಆಕಿ ಮುಟ್ಟಿದ ಶ್ಯಾವಗೀನ ಎರಡ ಸಲ ಹಾಕಿಸ್ಕೊಂಡ ತಿಂದಿಯಲ್ಲೋ ತಮ್ಮಾ!"

ಗುರುಪಾದ ಕೆಮ್ಮಿದ. "ಹಂಗಾರ ನನ್ನ ಮಾಳಗಿ ಹತ್ತಬ್ಯಾಡ."

ಶ್ಯಾವಿಗೆ ನಿಂತರೆ ಬಾಳವ್ವ ವರ್ಷವಿಡೀ ಸೊಸೆಯ ಮುಂದೆ ಕೈ ಒಡ್ಡಬೇಕು. ಅದಕ್ಕಿಂತ ಸಾವು ಮೇಲು ಎನ್ನುವವಳು ಅವಳು. ಉಳಿದದ್ದು ಉದ್ದವ್ವನ ಅಂಗಳ ಒಂದೇ. ಇಷ್ಟು ವರ್ಷ ಉದ್ದವ್ವನೇ ಇಲ್ಲಿಗೆ ಬರುತ್ತಿದ್ದಳು. ಬಾಳವ್ವ ಆ ಓಣಿಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಇದನ್ನು ಊರು ಗೆಳೆತನ ಎನ್ನುತ್ತಿತ್ತು.

ಮರುದಿನ ಅವಳು ಮಣೆಯನ್ನು ತಲೆಯ ಮೇಲೆ, ನೀರಿನ ಕೊಡವನ್ನು ಸೊಂಟದಲ್ಲಿ ಇಟ್ಟುಕೊಂಡು ಹೊರಟಳು. ಕಟ್ಟೆಯ ಮೇಲೆ ಕುಳಿತಿದ್ದ ಗುರುಪಾದನನ್ನು ನೋಡಿ ದಾರಿಯಲ್ಲಿ ಉಗುಳಿದಳು.

ತನ್ನ ಮನೆಯ ನೀರು ಕುಡಿಯಬಾರದೆಂದೇ ಬಾಳವ್ವ ಕೊಡ ತಂದಿದ್ದಾಳೆ ಎಂಬುದು ಉದ್ದವ್ವನಿಗೆ ನೋಡಿದ ಕೂಡಲೇ ತಿಳಿಯಿತು.

"ಚಲೋ ಆತು, ನಿನ್ನಿಯಿಂದ ನಳ ಬಂದಿಲ್ಲ" ಎಂದು ಕೊಡ ಇಸಿದುಕೊಂಡಳು. ಮೊದಲು ತಾನು ಒಂದು ಚರಿಗೆ ಕುಡಿದಳು. ಉಳಿದದ್ದರಲ್ಲಿ ಹಿಟ್ಟು ನಾದಿದಳು, ಮಣೆ ತೊಳೆದಳು.

"ಮತ್ತ ನನಗ?"

"ಒಳಗ ಹಂಡೇದಾಗ ಮೊನ್ನಿ ತುಂಬಿದ್ದು ಐತಿ. ಬೇಕಂದ್ರ ಕುಡಿ, ಬ್ಯಾಡಂದ್ರ ಶ್ಯಾವಗಿ ಜೋಡಿ ನೀನೂ ಒಣಗು."

ಬಾಳವ್ವ ಹಟ ಹಿಡಿದು ಹೊಸೆದಳು. ಬಿಸಿಲು ನೆತ್ತಿಗೆ ಬಂದಾಗ ನಾಲಿಗೆ ಒಣಗಿ ಬೈಯುವುದಕ್ಕೂ ಆಗಲಿಲ್ಲ. ಎದ್ದು ಒಳಗೆ ಹೋದಳು. ಹಂಡೆಯಲ್ಲಿ ಚರಿಗೆ ಮುಳುಗಿದ ಸದ್ದಾಯಿತು.

"ನಿಮ್ಮ ನೀರು ಸಪ್ಪಗ ಐತಿ" ಎನ್ನುತ್ತ ಹೊರಗೆ ಬಂದಳು.

"ಅದ ಟಾಕಿ ನೀರ ಬೇ, ನಿಮ್ಮ ಓಣಿಗೂ ಅದ ಬರತೈತಿ."

"ಬಾಯಿ ಮುಚ್ಚು. ಎಳಿ ಹಿಡಿ."