ತಿರುವಿ ಹಾಕಿದ ಹ್ಯಾಂಡಲ್

ಕೊಟ್ಟೂರಿನ ಆ ಸೈಕಲ್ ರಿಪೇರಿಯವ, ಯಾರು ಏನು ಕೇಳಿದರೂ ಕೈಯನ್ನು ಚಡ್ಡಿಗೆ ಒರೆಸಿಕೊಳ್ಳುತ್ತ “ನಿಮ್ ಮರ್ಜಿರಿ” ಅನ್ನುತ್ತಿದ್ದ. ಎಂಬತ್ತನೇ ಇಸವಿಯ ಸುಮಾರಿಗೆ, ಹೊಸದಾಗಿ ಮಾಸ್ತರನಾದ ಗತ್ತಿನಲ್ಲಿ, ರೇಸಿನವನಂತೆ ಕಾಣಬೇಕೆಂದು ನಾನು ಅವನ ಕೈಲಿ ಸೈಕಲ್ಲಿನ ಹ್ಯಾಂಡಲ್ ತಿರುವಿ ಹಾಕಿಸಿದೆ. ಹಿಡಿಕೆಗಳು ಸೀಟಿಗಿಂತ ಕೆಳಕ್ಕಿಳಿದವು. ನಡು ಬಗ್ಗಿಸದೆ ಓಡಿಸುವಂತೆಯೇ ಇರಲಿಲ್ಲ. ಎದುರು ಬಂದ ಹಿರಿಯರೆಲ್ಲ ನಾನು ತಮಗೇ ತಲೆಬಾಗುತ್ತಿದ್ದೇನೆಂದು ತಿಳಿದು ಕೈಮುಗಿಯತೊಡಗಿದರು. ತಿಂಗಳೊಳಗೆ “ಮಾಸ್ತರು ಬಾಳ ವಿನಯವಂತರು” ಎಂದು ಊರ ತುಂಬ ಹೆಸರಾಯಿತು.

ನೋಯುವ ಬೆನ್ನು ಹಿಡಿದುಕೊಂಡು ಮತ್ತೆ ಅವನ ಅಂಗಡಿಗೆ ಹೋದೆ.

“ಮೊದಲಿನಂಗ ಮಾಡ್ಲೇನ್ರಿ?” ಎಂದ.

ಬಂದ ಹೆಸರು ಬಿಡಲು ಮನಸ್ಸಾಗದೆ, “ಬ್ಯಾಡ, ಹಂಗೇ ಇರ್ಲಿ” ಎಂದೆ.

ಅವನು ಕೈ ಒರೆಸಿಕೊಂಡು, ಹ್ಯಾಂಡಲ್ ಅಲ್ಲಾಡಿಸಿ ನೋಡಿ, ನಟ್ಟು ಬಿಗಿಯುವ ಪಾನಾ ಎತ್ತಿಕೊಂಡ. “ನಿಮ್ ಮರ್ಜಿರಿ. ವಿನಯ ಜರಾ ಸಡ್ಲಾಗೇತಿ, ಬಿಗಿ ಮಾಡಿ ಕೊಡ್ತೀನಿ.”