ಹುಟ್ಟಲೇ ಇಲ್ಲದವಳಿಗೊಂದು ಎಲೆ

ಕಾರ್ಕಳ ಬಸ್‌ಸ್ಟ್ಯಾಂಡಿನ ಟೈಮ್ ಕೀಪರ್ ಭುಜಂಗನಿಗೆ ಐವತ್ತಮೂರು ವರ್ಷ. ಮದುವೆ ಆಗಿಲ್ಲ. ಯಾಕೆ ಆಗಿಲ್ಲ ಎಂದು ಕೇಳುವವರು ಒಂದು ಕಾಲದಲ್ಲಿ ಇದ್ದರು. ಈಗ ಅವರಿಗೂ ಬೇರೆ ಕೆಲಸ ಸಿಕ್ಕಿದೆ. ಬೆಳಿಗ್ಗೆ ಆರೂವರೆಗೆ ಕುಕ್ಕುಂದೂರಿನಿಂದ ಬಂದು, ಕೊಡೆಯನ್ನು ಕಂಬಕ್ಕೆ ಸಿಕ್ಕಿಸಿ ನಿಂತನೆಂದರೆ ಯಾವ ಬಸ್ಸು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಹೋಗಬೇಕು ಎನ್ನುವುದು ಅವನ ಬಾಯಲ್ಲಿ. ಉಡುಪಿ ಎಕ್ಸ್‌ಪ್ರೆಸ್ಸು ಎರಡು ನಿಮಿಷ ತಡ ಮಾಡಿದರೆ ಹಿಂದಿನ ಬಸ್ಸಿನವನ ಬೈಗುಳ ಮೊದಲು ತಾಗುವುದು ಇವನಿಗೇ. ಇಷ್ಟೊಂದು ಬಸ್ಸುಗಳನ್ನು ಹೊರಡಿಸಿದ ಭುಜಂಗ ತಾನು ಬಸ್ಸು ಹತ್ತಿ ಎಲ್ಲಿಗಾದರೂ ಹೋದದ್ದು ಕಡಿಮೆ. ಹೋಗುವುದಾದರೂ ಯಾರ ಮನೆಗೆ?

ಅವನಿಗೊಂದು ಗುಟ್ಟು ಇತ್ತು. ಗುಟ್ಟೆಂದರೆ ಊರಿಗೆಲ್ಲ ಗೊತ್ತಿದ್ದು, ಯಾರಿಗೂ ಬೇಡವಾದದ್ದು. ಇಂಗ್ಲಿಷ್ ಕಾಮಿಕ್ಸ್. ಮುಂಬೈಯಲ್ಲಿ ಕ್ಯಾಂಟೀನ್ ನಡೆಸುತ್ತಿದ್ದ ದೊಡ್ಡ ಮಾವ ಒಮ್ಮೆ ರಜೆಗೆ ಬರುವಾಗ ಫುಟ್‌ಪಾತಿನಿಂದ ಒಂದು ಕಟ್ಟು ತಂದುಕೊಟ್ಟಿದ್ದರು. ಅದರಲ್ಲಿ ಸಿಕ್ಕಿದವನು ಕ್ಯಾಪ್ಟನ್ ಗ್ರಾನೈಟ್. ಕಲ್ಲುಕೋರೆಯಲ್ಲಿ ಮದ್ದು ಸಿಡಿದು ಮೈಯೆಲ್ಲ ಕಲ್ಲಾದ ಅಮೆರಿಕದ ಒಬ್ಬ ಕೂಲಿಯವ. ಬಂಡೆ ಎತ್ತಿ ಊರು ಕಾಯುತ್ತಿದ್ದ. ಕಾರ್ಕಳದ ಹುಡುಗನಿಗೆ ಇದು ಪರದೇಶದ ಕಥೆ ಅನ್ನಿಸಲೇ ಇಲ್ಲ.

"ಕಲ್ಲಿನ ಮನುಷ್ಯನೇ ಬೇಕಾದರೆ ನಮ್ಮ ಗುಡ್ಡೆಯ ಮೇಲೆ ಗೊಮ್ಮಟ ಇಲ್ವಾ ಮಾರಾಯ? ಅಮೆರಿಕದಿಂದ ಯಾಕೆ ತರಿಸುವುದು?" ಎಂದು ಕಂಡಕ್ಟರುಗಳು ಕೀಟಲೆ ಮಾಡುತ್ತಿದ್ದರು.

"ಗೊಮ್ಮಟನಿಗೆ ಮನೆ ಬೇಡ, ಸಂಸಾರ ಬೇಡ. ಇವನಿಗೆ ಎರಡೂ ಉಂಟು," ಎನ್ನುತ್ತಿದ್ದ ಭುಜಂಗ.

ಇದ್ದದ್ದು ನಿಜ. ಕ್ಯಾಪ್ಟನ್‌ಗೆ ಮದುವೆಯಾದದ್ದು ಭುಜಂಗನಿಗೆ ಮೂರನೆಯ ಹುಡುಗಿ ತಪ್ಪಿಹೋದ ವರ್ಷ. ಮಗಳು ಓಪಲ್ ಹುಟ್ಟಿದ್ದು ಅದರ ಮರುವರ್ಷ. ಕಾಮಿಕ್ಸಿನ ಮಕ್ಕಳು ಬೆಳೆಯುವುದು ಸರ್ಕಾರಿ ಕಾಮಗಾರಿಯ ವೇಗದಲ್ಲಿ. ಇಪ್ಪತ್ತು ವರ್ಷದಲ್ಲಿ ಅವಳಿಗೆ ಏಳು ತುಂಬಿತ್ತು. ಮೊದಲ ಹಲ್ಲು ಬಿದ್ದದ್ದು, ಅಪ್ಪನ ಕಲ್ಲಿನ ಬೆನ್ನಿನ ಮೇಲೆ ಸೀಮೆಸುಣ್ಣದಿಂದ ಮಗ್ಗಿ ಬರೆದದ್ದು, ಎಲ್ಲವೂ ಯಾವ ಸಂಚಿಕೆಯಲ್ಲಿ ಎಂದು ಭುಜಂಗ ಬಸ್ಸಿನ ಸಮಯದಂತೆ ಹೇಳಬಲ್ಲ.

ಹೇಳಿಸಿಕೊಳ್ಳಲು ಜಗತ್ತಿನಲ್ಲಿ ಇದ್ದವನು ಒಬ್ಬನೇ: ಕಾಪುವಿನ ಕ್ಲಾಯ್ಡ್. ಮಣಿಪಾಲದಲ್ಲಿ ಅವನದ್ದೊಂದು ಜೆರಾಕ್ಸ್ ಅಂಗಡಿ. ಓದು ಮುಗಿಸಿ ಹಾಸ್ಟೆಲ್ ಬಿಡುವ ವಿದ್ಯಾರ್ಥಿಗಳು ಗುಜರಿಗೆ ಹಾಕುವ ಕಾಮಿಕ್ಸನ್ನು ಅವನು ಎತ್ತಿಟ್ಟುಕೊಳ್ಳುತ್ತಿದ್ದ. ಆಮೇಲೆ ಹೊಸದನ್ನು ತರಿಸಲಿಕ್ಕೂ ಶುರುಮಾಡಿದ. ಇಪ್ಪತ್ತೆರಡು ವರ್ಷದ ಹಿಂದೆ ರೇಷನ್ ಕಾರ್ಡಿನ ಪ್ರತಿ ಮಾಡಿಸಲು ಹೋದ ಭುಜಂಗ ಕಪಾಟಿನ ಮೇಲೆ ಕ್ಯಾಪ್ಟನ್‌ನನ್ನು ಕಂಡು ರೇಷನ್ ಕಾರ್ಡನ್ನು ಅಲ್ಲೇ ಮರೆತು ಬಂದಿದ್ದ. ಅಂದಿನಿಂದ ಕ್ಲಾಯ್ಡ್ ಓದಿ ಮುಗಿಸಿದ ಸಂಚಿಕೆ ಪೇಪರಿನಲ್ಲಿ ಸುತ್ತಿಕೊಂಡು, ಕಂಡಕ್ಟರನ ಕೈಯಲ್ಲಿ, ಮಲ್ಲಿಗೆ ಹೂವಿನ ಕಟ್ಟಿನ ಪಕ್ಕ ಕೂತು ಕಾರ್ಕಳಕ್ಕೆ ಬರುತ್ತಿತ್ತು. ಭಾನುವಾರ ಕ್ಲಾಯ್ಡ್ ಇಗರ್ಜಿಯ ಪ್ರಾರ್ಥನೆ ಮುಗಿಸಿ ಬಂದ ಮೇಲೆ, ಸರಿಯಾಗಿ ಹತ್ತು ಗಂಟೆಗೆ ಫೋನು. ಒಂದು ಗಂಟೆ ಮಾತು. ಭುಜಂಗನ ವಾರದಲ್ಲಿ ಮಾತು ಎಂದು ಕರೆಯಬಹುದಾದದ್ದು ಅಷ್ಟೇ, ಉಳಿದದ್ದೆಲ್ಲ "ಹೋಯ್, ನಿನ್ನ ಟೈಮ್ ಆಯಿತು, ತೆಗೆ ಗಾಡಿ."

ಈ ಕಾಮಿಕ್ಸ್ ಕಂಪನಿಯವರಿಗೆ ಒಂದು ರೋಗ. ಕಥೆ ಉದ್ದವಾದಂತೆ ಹೊಸ ಓದುಗರು ಬರುವುದಿಲ್ಲವೆಂದು ಎಲ್ಲ ಅಳಿಸಿ ಒಂದನೆಯ ಸಂಚಿಕೆಯಿಂದ ಶುರುಮಾಡುವುದು. ರೀಬೂಟ್ ಎನ್ನುತ್ತಾರೆ. ಭುಜಂಗ ಅದನ್ನು ಹೀಗೆ ವಿವರಿಸುತ್ತಿದ್ದ: "ಉಡುಪಿ ಬಸ್ಸು ಹಿರಿಯಡ್ಕದವರೆಗೆ ಹೋಗಿದೆ ಅಂತ ಇಟ್ಟುಕೊಳ್ಳಿ. ಡ್ರೈವರ್ ನಿಲ್ಲಿಸಿ, 'ನಾವು ಕಾರ್ಕಳದಿಂದ ಹೊರಡಲೇ ಇಲ್ಲ, ಎಲ್ಲರೂ ಇಳಿದು ಮತ್ತೆ ಟಿಕೆಟ್ ತೆಗೆಯಿರಿ' ಎಂದರೆ ಎಂತ ಮಾಡುತ್ತೀರಿ? ನಾವು ತೆಗೆಯುತ್ತೇವೆ. ನಾವು ಅಂಥ ಜನ."

ಮೊದಲ ಸಲ ಕ್ಯಾಪ್ಟನ್ ಕೂಲಿಯವನಲ್ಲ, ಸೈನಿಕ ಎಂದರು. ಭುಜಂಗ, ಕ್ಲಾಯ್ಡ್ ಇಬ್ಬರೂ ಟಿಕೆಟ್ ತೆಗೆದರು. ಎರಡನೆಯ ಸಲ ಅವನಿಗೆ ಹತ್ತು ವರ್ಷ ಕಡಿಮೆ ಮಾಡಿದರು. ಭುಜಂಗನ ಮಂಡಿನೋವು ಶುರುವಾದದ್ದು ಅದೇ ವರ್ಷ. ಆದರೂ ಟಿಕೆಟ್ ತೆಗೆದರು, ಯಾಕೆಂದರೆ ಹೆಂಡತಿ, ಮಗಳನ್ನು ಮುಟ್ಟಿರಲಿಲ್ಲ. ಈ ವರ್ಷ ಮೂರನೆಯ ಸಲ. ಕ್ಯಾಪ್ಟನ್ ಒಂಟಿ. ಅವನಿಗೆ ಮದುವೆ ಆಗಲೇ ಇಲ್ಲ. ಓಪಲ್ ಸತ್ತದ್ದಲ್ಲ, ಸತ್ತಿದ್ದರೆ ಒಂದು ಸಂಚಿಕೆಯಾದರೂ ಅಳುತ್ತಿದ್ದರು. ಅವಳು ಹುಟ್ಟಲೇ ಇಲ್ಲ.

"ಹೆಂಡತಿ ಇರಲೇ ಇಲ್ಲವಂತೆ ಭುಜಂಗಣ್ಣ," ಎಂದ ಕ್ಲಾಯ್ಡ್ ಆ ಭಾನುವಾರ.

"ಅದು ಬಿಡು, ಹುಡುಗಿಯನ್ನು ತೆಗೆದರಲ್ಲ! ಇಪ್ಪತ್ತು ವರ್ಷ ಕ್ಲಾಯ್ಡ್!"

"ಇರಲೇ ಇಲ್ಲ ಅಂತ ಹೇಗೆ ಹೇಳುವುದು?" ಎಂದ ಕ್ಲಾಯ್ಡ್. "ಸಾಕು. ನಾನು ಇನ್ನು ತರಿಸುವುದಿಲ್ಲ. ನೀವು ಬೇಜಾರು ಮಾಡಬೇಡಿ."

ಮುಂದಿನ ಭಾನುವಾರ ಹತ್ತು ಗಂಟೆಗೆ ಫೋನು ಬರಲಿಲ್ಲ. ಅದರ ಮುಂದಿನ ಭಾನುವಾರ ಭುಜಂಗನೇ ಮಾಡಿದ. ಮಳೆ ಜೋರುಂಟಾ ಎಂದು ಕೇಳಿದ, ಉಂಟು ಎಂದ ಕ್ಲಾಯ್ಡ್. ಅಲ್ಲಿ ಮೀನು ಸಿಗುತ್ತದಾ ಎಂದು ಕೇಳಿದ, ಇಲ್ಲ ಎಂದ. ನಾಲ್ಕು ನಿಮಿಷಕ್ಕೆ ಮುಗಿಯಿತು. ಇಪ್ಪತ್ತೆರಡು ವರ್ಷದ ಸ್ನೇಹದಲ್ಲಿ ಕ್ಯಾಪ್ಟನ್‌ನನ್ನು ಕಳೆದರೆ ಉಳಿಯುವುದು ಮಳೆ ಮತ್ತು ಮೀನು ಎಂದು ಭುಜಂಗನಿಗೆ ಗೊತ್ತಾದದ್ದು ಆಗ. ಕ್ಲಾಯ್ಡನೂ ಹೋದರೆ ತನ್ನ ಭಾನುವಾರಕ್ಕೆ ಯಾರು ಎಂದು ಯೋಚಿಸಿದ. ಹೆಸರು ಹೊಳೆಯಲಿಲ್ಲ.

ಅಷ್ಟರಲ್ಲಿ ಆಷಾಢದ ಹೊತ್ತಿನ ಆಟಿ ತಿಂಗಳು ಬಂತು. ಆಟಿಯಲ್ಲಿ ಒಂದು ದಿನ ಮನೆಯಲ್ಲಿ ತೀರಿಹೋದವರಿಗೆಲ್ಲ ಬಡಿಸುವುದು ಇಲ್ಲಿನ ಕ್ರಮ. ಒಳಗಿನ ಕೋಣೆಯಲ್ಲಿ ಹೆಸರಿಗೊಂದು ಬಾಳೆಎಲೆ ಹಾಕಿ, ಕೋಳಿಸಾರಿನ ಪದಾರ್ಥ, ರೊಟ್ಟಿ, ಅವರವರಿಗೆ ಸೇರುತ್ತಿದ್ದದ್ದು ಬಡಿಸಿ, ಬಾಗಿಲೆಳೆದು, ಅವರು ಉಂಡರು ಎಂದಾದ ಮೇಲೆ ಇದ್ದವರ ಊಟ. ಭುಜಂಗನ ಅಕ್ಕ ಕುಶಲಾಳ ಮನೆಯಲ್ಲಿ ಐದು ಎಲೆ: ಅಜ್ಜಿ, ಅಪ್ಪ, ಅಮ್ಮ, ಮುಂಬೈಯ ದೊಡ್ಡ ಮಾವ, ಸಣ್ಣದರಲ್ಲೇ ಹೋದ ಒಬ್ಬ ತಮ್ಮ. ಎಲೆ ಹಾಕುವುದು ಪ್ರತಿ ವರ್ಷ ಭುಜಂಗನ ಕೆಲಸ. ಈ ಶನಿವಾರ ಅವನು ಆರು ಹಾಕಿದ. ಹಾಕಬೇಕೆಂದು ಹೊರಟದ್ದಲ್ಲ. ಹುಟ್ಟಿ ಮೂರು ತಿಂಗಳಿಗೆ ಹೋದ ತಮ್ಮನಿಗೂ ಒಂದು ಎಲೆ ಉಂಟಲ್ಲ ಅನ್ನಿಸಿತು. ಕೈ ಹಾಕಿಬಿಟ್ಟಿತು.

"ಇದು ಯಾರಿಗೆ ಮಾರಾಯ?" ಪದಾರ್ಥದ ಪಾತ್ರೆ ಹಿಡಿದು ಬಂದ ಕುಶಲಾ ನಿಂತಳು.

"ಒಂದು ಹುಡುಗಿಗೆ ಅಕ್ಕ."

"ಯಾವ ಹುಡುಗಿ?"

"ಏಳು ವರ್ಷದ್ದು. ನಿನಗೆ ಗೊತ್ತಿಲ್ಲ."

"ಯಾರ ಮಗಳು?"

ಭುಜಂಗ ಎಲೆಯ ತುದಿ ಸರಿಮಾಡಿದ. "ಈಗ ಯಾರ ಮಗಳೂ ಅಲ್ಲ ಅಂತ ಹೇಳುತ್ತಾರೆ."

ಕುಶಲಾ ಅವನ ಮುಖವನ್ನೇ ನೋಡಿದಳು. ಆಮೇಲೆ ಆರನೆಯ ಎಲೆಗೆ ರೊಟ್ಟಿ ಇಟ್ಟಳು. ಮಗುವಿಗೆ ಖಾರವಾದೀತೆಂದು ಪದಾರ್ಥದ ಬದಲು ಬೆಲ್ಲ, ತೆಂಗಿನಕಾಯಿ ತುರಿ ಹಾಕಿದಳು. ಬಾಗಿಲೆಳೆದು ಹೊರಗೆ ಬಂದವಳು ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ಭುಜಂಗ ಹೊಗೆಯಿಂದ ಎಂದುಕೊಂಡ.

ಅರ್ಧ ಗಂಟೆಯಲ್ಲಿ ವಿಷಯ ಜಗಲಿಯಲ್ಲಿ ಕೂತಿದ್ದ ದೇಜಪ್ಪ ಮಾವನಿಗೆ ಮುಟ್ಟಿತು. ಎಂಬತ್ತೊಂದು ವರ್ಷದ ಮಾವ ಮನೆಯ ಹಿರಿಯರು. ಭುಜಂಗನನ್ನು ಹತ್ತಿರ ಕರೆದು, ಊರಿಗೆಲ್ಲ ಕೇಳುವಂತೆ ಪಿಸುಗುಟ್ಟಿದರು.

"ಆದದ್ದು ಆಯಿತು, ಹೆದರಬೇಡ. ತಾಯಿ ಯಾವ ಊರು?"

"ಯಾರ ತಾಯಿ?"

"ಆ ಹುಡುಗಿಯ ತಾಯಿ ಮಾರಾಯ."

"ಅಮೆರಿಕ," ಎಂದ ಭುಜಂಗ, ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ಅಭ್ಯಾಸದಿಂದ.

"ಮಣಿಪಾಲಕ್ಕೆ ಓದಲು ಬಂದವಳಾ?" ಮಾವನ ಹುಬ್ಬು ಮೇಲೇರಿತು, ಅದರಲ್ಲಿ ಸ್ವಲ್ಪ ಗೌರವವೂ ಇತ್ತು. "ಮಗು ಹುಟ್ಟಿ ಎಷ್ಟು ವರ್ಷವಾಯಿತು?"

"ಇಪ್ಪತ್ತು."

"ಹಾಗಾದರೆ ಪ್ರಾಯಕ್ಕೆ ಬಂದಿದ್ದಾಳೆ. ಮದುವೆ ಮಾಡದೆ ಬಿಡಬಾರದು." ಹೋದ ಮಕ್ಕಳೂ ಅಲ್ಲಿ ಬೆಳೆಯುತ್ತಾರೆಂಬ ನಂಬಿಕೆಯಿಂದ, ಮದುವೆಗೆ ಮೊದಲೇ ತೀರಿಹೋದವರಿಗೆ, ಅಂಥದೇ ಇನ್ನೊಂದು ಮನೆಯ ಹೋದ ಮಗುವನ್ನು ನೋಡಿ, ಆಟಿಯಲ್ಲಿ ಮದುವೆ ಮಾಡಿಸುವುದುಂಟು. "ಹೆಜಮಾಡಿಯಲ್ಲಿ ಒಬ್ಬ ಹುಡುಗ ಉಂಟು. ಒಳ್ಳೆಯ ಮನೆ. ಹೋಗಿ ಹದಿನೈದು ವರ್ಷ ಆಯಿತು. ತೊಂದರೆ ಎಂತ ಎಂದರೆ, ಕುಲದ ಬಳಿ ತಾಯಿಯಿಂದ ಬರಬೇಕು ಅಲ್ವಾ? ಅಮೆರಿಕದವರಿಗೆ ಬಳಿ ಉಂಟಾ?"

ಇವರೆಲ್ಲ ಹುಡುಗಿಯನ್ನು ತನ್ನದೇ ಮಗಳೆಂದುಕೊಂಡಿದ್ದಾರೆ ಎಂದು ಆಗ ಭುಜಂಗನಿಗೆ ಹೊಳೆಯಿತು. ಪಕ್ಕದ ಹಿತ್ತಿಲಿನ ತನ್ನ ಮನೆಗೆ ಓಡಿ ಸಂಚಿಕೆ ತಂದು, ಪುಟ ಬಿಡಿಸಿ, ಅಕ್ಕನ ಮುಂದೆ ಹಿಡಿದ. "ಇವಳು. ಪುಸ್ತಕದ ಹುಡುಗಿ. ಕಂಪನಿಯವರು ಅಳಿಸಿದರು. ಬೇರೆ ಎಂತದೂ ಇಲ್ಲ ಅಕ್ಕ, ದೇವರಾಣೆ."

ದೇಜಪ್ಪ ಮಾವ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, "ಅಪ್ಪನ ಬಣ್ಣ ಸರಿ ಇಲ್ಲ," ಎಂದು ಎದ್ದುಹೋದರು. ಕುಶಲಾ ಬೈಯುತ್ತಾಳೆಂದು ಭುಜಂಗ ಕಾದ. ಅವಳು ಬೈಯಲಿಲ್ಲ, ನಗಲೂ ಇಲ್ಲ.

"ನಿನಗೂ ಯಾರೋ ಇದ್ದರಲ್ಲ ಅಂತ," ಎಂದಳು, "ಅರ್ಧ ಗಂಟೆ ನನಗೆ ಸಮಾಧಾನವಾಗಿತ್ತು ಮಾರಾಯ."

ಮರುದಿನ ಭಾನುವಾರ. ಹತ್ತು ಗಂಟೆಗೆ ಫೋನು ರಿಂಗಾಯಿತು.

"ಭುಜಂಗಣ್ಣ, ಓಪಲ್ ವಾಪಸು ಬರುತ್ತಾಳಂತೆ!" ಕ್ಲಾಯ್ಡನ ಸ್ವರದಲ್ಲಿ ಹಳೆಯ ಉತ್ಸಾಹ ತರುವ ಪ್ರಯತ್ನವಿತ್ತು. "ಜನ ಗಲಾಟೆ ಮಾಡಿದರಂತೆ. ಮುಂದಿನ ವರ್ಷ ಮತ್ತೆ ಒಂದನೆಯ ಸಂಚಿಕೆ. ಹದಿನಾರು ವರ್ಷದವಳಾಗಿ. ನೀವು ಬೇಕೆಂದರೆ ತರಿಸುತ್ತೇನೆ. ಭಾನುವಾರ ಹೀಗೆ ಖಾಲಿ ಹೋಗುವುದಕ್ಕಿಂತ…"

ಹೂಂ ಎಂದಿದ್ದರೆ ಆಗುತ್ತಿತ್ತು. ಪಾರ್ಸೆಲ್ಲು ಬರುತ್ತಿತ್ತು, ಮಾತು ಬರುತ್ತಿತ್ತು, ಸಾಯುವವರೆಗೆ ಸಾಕಾಗುವಷ್ಟು ಭಾನುವಾರಗಳಿದ್ದವು. ಭುಜಂಗ ಬಾಯಿ ತೆರೆದ.

"ಬೇಡ ಕ್ಲಾಯ್ಡ್," ಎಂದ. "ಅವಳಿಗೆ ಬಡಿಸಿ ಆಯಿತು."

ಆಮೇಲೆ ಎಲೆಯ ಕಥೆಯನ್ನೆಲ್ಲ ಹೇಳಿದ. ಹೆಜಮಾಡಿಯ ಹುಡುಗನಲ್ಲಿಗೆ ಬರುವಷ್ಟರಲ್ಲಿ ಕ್ಲಾಯ್ಡ್ ಕೆಮ್ಮು ಬರುವಷ್ಟು ನಗುತ್ತಿದ್ದ. ನಗು ನಿಂತ ಮೇಲೆ ಕೇಳಿದ: "ಅವಳ ಅಮ್ಮನಿಗೆ ಹಾಕಲಿಲ್ಲವಾ?"

"ಇಲ್ಲ. ಹೊಳೆಯಲಿಲ್ಲ."

"ಹೌದು. ಅವಳ ಸುದ್ದಿ ಯಾರೂ ಎತ್ತುವುದಿಲ್ಲ. ಈ ಸಲವೂ ವಾಪಸು ತರುವುದು ಮಗಳನ್ನು ಮಾತ್ರ."

ಆ ಸ್ವರ ಕೇಳಿ ಭುಜಂಗ ಇಪ್ಪತ್ತೆರಡು ವರ್ಷದಲ್ಲಿ ಕೇಳದಿದ್ದ ಒಂದು ಪ್ರಶ್ನೆ ಕೇಳಿದ. "ಕ್ಲಾಯ್ಡ್, ನಿನ್ನ ಮನೆಯಲ್ಲಿ ಯಾರೆಲ್ಲ ಇದ್ದಾರೆ?"

"ಈಗ ಯಾರೂ ಇಲ್ಲ. ನನ್ನ ಹೆಂಡತಿ ಕಾನ್ಸೆಪ್ಟಾ ತೀರಿಹೋಗಿ ನಾಲ್ಕು ವರ್ಷ ಆಯಿತು."

ಹೆಸರನ್ನು ಭುಜಂಗ ಮೊದಲ ಸಲ ಕೇಳುತ್ತಿದ್ದ. "ನಾಲ್ಕು ವರ್ಷ ಎಂದರೆ…"

"ಎರಡನೆಯ ರೀಬೂಟ್ ಆದ ವರ್ಷ. ಅಕ್ಟೋಬರಿನಲ್ಲಿ. ಪಾರ್ಸೆಲ್ ಮೂರು ದಿನ ತಡವಾಗಿತ್ತು, ನಿಮಗೆ ನೆನಪಿರಬಹುದು."

ಟೈಮ್ ಕೀಪರನಿಗೆ ನೆನಪಿತ್ತು. ಫೋನು ಮಾಡಿ, "ಮೂರು ದಿನದಿಂದ ಬಸ್ಸು ಬಸ್ಸಿಗೂ ಹೋಗಿ ಕೇಳುತ್ತಿದ್ದೇನೆ, ನಿನಗೆ ಬೇರೆ ಎಂತ ಅಷ್ಟು ಕೆಲಸ?" ಎಂದು ಗದರಿಸಿದ್ದ. ಕ್ಲಾಯ್ಡ್ ಕ್ಷಮೆ ಕೇಳಿ, ಮರುದಿನವೇ ಕಳಿಸಿದ್ದ.

"ನೀನು ಹೇಳಲಿಲ್ಲ," ಎಂದ ಭುಜಂಗ.

"ಎಲ್ಲರೂ ಅದನ್ನೇ ಮಾತಾಡುತ್ತಿದ್ದರು ಭುಜಂಗಣ್ಣ. ನೀವೊಬ್ಬರು ಮಾತ್ರ ಕ್ಯಾಪ್ಟನ್‌ನ ವಿಷಯ ಮಾತಾಡುತ್ತಿದ್ದಿರಿ. ಅದು ಬೇಕಿತ್ತು."

ಮುಂದಿನ ಭಾನುವಾರ ಭುಜಂಗ ತಾನೇ ಹೊರಡಿಸುವ ಬಸ್ಸುಗಳಲ್ಲೊಂದನ್ನು ಹತ್ತಿದ. ಪಡುಬಿದ್ರಿಯಲ್ಲಿ ಬದಲಿಸಿ ಕಾಪುವಿನಲ್ಲಿ ಇಳಿದಾಗ, ಅಲ್ಲಿ ಬಸ್ಸು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಗೊತ್ತಿದ್ದವನಿಗೆ ಇಳಿದ ಮೇಲೆ ಯಾವ ಕಡೆ ತಿರುಗಬೇಕೆಂದು ಗೊತ್ತಿರಲಿಲ್ಲ. ಕ್ಲಾಯ್ಡ್ ಕೊಡೆ ಹಿಡಿದು ಕಾಯುತ್ತಿದ್ದ. ದಾರಿಯುದ್ದಕ್ಕೂ ಇಬ್ಬರೂ ಮಳೆಯ ಬಗ್ಗೆ ಮಾತಾಡಿದರು. ಮನೆಯಲ್ಲಿ ಕಾನ್ಸೆಪ್ಟಾಳ ಫೋಟೋ ಇತ್ತು: ದುಂಡು ಮುಖ, ಕನ್ನಡಕ, ಬಾಯಿ ತುಂಬ ನಗು, ಯಾರೋ ತಮಾಷೆ ಮಾಡಿದಾಗ ತೆಗೆದದ್ದಿರಬೇಕು. ಭುಜಂಗ ಅದರ ಮುಂದೆ ನಿಂತು, ಎಂತ ಹೇಳಬೇಕೆಂದು ತಿಳಿಯದೆ, ಚಪ್ಪಲಿ ಹೊರಗೆ ಬಿಟ್ಟಿದ್ದೇನೆಯೋ ಇಲ್ಲವೋ ಎಂದು ಕಾಲು ನೋಡಿಕೊಂಡ.

ಊಟಕ್ಕೆ ಕೂರುವಾಗ ಕ್ಲಾಯ್ಡ್ ಅಡುಗೆಮನೆಯಲ್ಲಿ ಬಹಳ ಹೊತ್ತು ಪಾತ್ರೆ ಸದ್ದು ಮಾಡಿದ. ಕಪಾಟು ತೆರೆದ, ಮುಚ್ಚಿದ. ಕೊನೆಗೆ ಹೊರಗೆ ಬಂದು, "ಒಂದು ನಿಮಿಷ ಭುಜಂಗಣ್ಣ, ಕೂತಿರಿ," ಎಂದು ಮಳೆಯಲ್ಲೇ ಪಕ್ಕದ ಮನೆಗೆ ಹೋದ, ಎರಡನೆಯ ಊಟದ ಬಟ್ಟಲು ತರಲಿಕ್ಕೆ.