ಹಗುರ ಮೈಯ ತಮ್ಮ

ಅಣ್ಣ ತಮ್ಮ ಇಬ್ಬರೂ ಎತ್ತರದ ಕಟ್ಟಡಗಳಿಗೆ ಬಣ್ಣ ಬಳಿಯುತ್ತಿದ್ದರು. ಸೊಂಟಕ್ಕೆ ಕಟ್ಟಿಕೊಳ್ಳಲು ಇದ್ದದ್ದು ಒಂದೇ ಹಗ್ಗ. ಭಾರದವನು ಬೇಗ ಬೀಳುತ್ತಾನೆ, ಹಗುರದವನು ನಿಧಾನವಾಗಿ ಬೀಳುತ್ತಾನೆ ಎಂದು ನಂಬಿದ್ದ ಅವರು ಅದನ್ನು ಯಾವಾಗಲೂ ದಢೂತಿ ಅಣ್ಣನಿಗೇ ಕಟ್ಟುತ್ತಿದ್ದರು.

“ನೀನೇ ಕಟ್ಕೋ ಅಣ್ಣ. ನೀನು ಬಿದ್ರೆ ರಸ್ತೆಗೇ ಗುಂಡಿ ಬೀಳುತ್ತೆ. ನಾನಾದ್ರೆ ಹತ್ತಿ ಥರ ತೇಲ್ಕೊಂಡು ಇಳೀತೀನಿ” ಎಂದು ನಗುತ್ತಿದ್ದ ತಮ್ಮ ಒಂದು ಬೆಳಿಗ್ಗೆ ನಾಲ್ಕನೇ ಮಹಡಿಯಿಂದ ಬಿದ್ದು ತೀರಿಕೊಂಡ.

ಅಣ್ಣ ಮತ್ತೆ ಸಾರುವೆ ಹತ್ತಲಿಲ್ಲ. ಶಾಲೆಯೊಂದರಲ್ಲಿ ಜವಾನನಾದ. ಎಷ್ಟೋ ವರ್ಷಗಳ ಮೇಲೆ ವಿಜ್ಞಾನದ ಮೇಷ್ಟ್ರು ಅವನನ್ನು ತಾರಸಿಗೆ ಕಳಿಸಿ, ಒಂದೇ ಗಾತ್ರದ ಕಬ್ಬಿಣದ ಗುಂಡನ್ನೂ ಮರದ ಗುಂಡನ್ನೂ ಒಟ್ಟಿಗೆ ಬಿಡಿಸಿದರು. ಎರಡೂ ಒಟ್ಟಿಗೇ ನೆಲ ಮುಟ್ಟಿದವು.

“ಭಾರದ್ದೇ ಮೊದಲು ಬೀಳುತ್ತೆ ಅಂತ ನೂರಾರು ವರ್ಷ ದೊಡ್ಡ ದೊಡ್ಡ ಪಂಡಿತರೇ ನಂಬಿದ್ರು” ಎಂದು ಮೇಷ್ಟ್ರು ಮಕ್ಕಳಿಗೆ ಹೇಳುವುದು ಕೇಳಿಸಿತು.

ಅವನು ದಡದಡನೆ ಇಳಿದು ಬಂದ. “ಅಷ್ಟು ಓದಿದೋರಿಗೂ ಗೊತ್ತಿರ್ಲಿಲ್ವಾ ಸಾರ್?”

“ಇಲ್ಲಪ್ಪ. ಒಂದು ಸಲ ಬೀಳಿಸಿ ನೋಡಿದ್ರೆ ಸಾಕಿತ್ತು. ಹೆಚ್ಚಿನವರಿಗೆ ಅದು ಹೊಳೀಲೇ ಇಲ್ಲ.”

ಅಷ್ಟು ದೊಡ್ಡವರ ಪಕ್ಕದಲ್ಲಿ ತನ್ನ ತಪ್ಪು ಚಿಕ್ಕದಾಗಬೇಕಿತ್ತು. ಆಗಲಿಲ್ಲ. ಅವನು ಮೆಟ್ಟಿಲ ಮೇಲೆ ಕುಸಿದು ಮಕ್ಕಳೆದುರಿಗೇ ಅತ್ತುಬಿಟ್ಟ.